ದ್ವೀಪಕ್ಕೆ ಹೊರಟ ದಾದಿ: ಗುಳೆಯೋ, ಸೇವೆಯೋ?



ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯವರಿಗೆ ‘ಗುಳೆ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ, ಮೆಕ್ಕೆಜೋಳದ ತೆನೆ ಕಾಳುಗಟ್ಟದೆ ಒಣಗಿದ ವರ್ಷ, ನೀಲಗುಂದದ ಸುತ್ತಣ ಹಳ್ಳಿಗಳ ಕಟ್ಟೆಗಳ ಮೇಲೆ ಮುದುಕರು ಮಾತ್ರ ಕುಳಿತಿರುತ್ತಾರೆ. ದುಡಿಯಬಲ್ಲವರು ಹಾಸಿಗೆ ಪಾತ್ರೆಗಳ ಗಂಟು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ, ಮಲೆನಾಡಿನ ಕಾಫಿ ತೋಟಕ್ಕೋ, ಕಬ್ಬಿನ ಕಟಾವಿಗೋ ಹೊರಟಿರುತ್ತಾರೆ. ಅವರನ್ನು ಕರೆದೊಯ್ಯುವವನು ಮೇಸ್ತ್ರಿ. ಅವನು ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಹಬ್ಬಕ್ಕೋ ಮದುವೆಗೋ ಆಸ್ಪತ್ರೆಗೋ ಆ ಹಣ ಖರ್ಚಾಗಿರುತ್ತದೆ. ಬಳಿಕ ಕೂಲಿ ಎಷ್ಟು, ಕೆಲಸ ಎಷ್ಟು ಹೊತ್ತು ಎಂದು ಕೇಳುವ ಬಾಯಿ ಉಳಿಯುವುದಿಲ್ಲ. ಮುಂಗಡವೇ ಕಾಲಿಗೆ ಕಟ್ಟಿದ ಹಗ್ಗ.

ಈಚೆಗೆ ಇದೇ ಸೀಮೆಯಿಂದ ಇನ್ನೊಂದು ಬಗೆಯ ಪಯಣ ಆರಂಭವಾಗಿದೆ. ಹಿಂದಿನ ತಲೆಮಾರು ಗುಳೆ ಹೋಗಿ ಗಳಿಸಿದ ಹಣದಲ್ಲಿ ಓದಿದ ಹೆಣ್ಣುಮಕ್ಕಳು ದಾವಣಗೆರೆ, ಬಳ್ಳಾರಿ, ಮಂಗಳೂರುಗಳಲ್ಲಿ ನರ್ಸಿಂಗ್ ಮುಗಿಸಿ ಬರುತ್ತಿದ್ದಾರೆ. ಅವರ ಮುಂದೆ ಈಗ ಸಮುದ್ರದಾಚೆಯ ಕರೆ ಇದೆ.

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನೀಲಗುಂದದ ಕಡೆಯ ಒಂದು ಕುಟುಂಬ ನನಗಾಗಿ ಕಾದು ನಿಂತಿತ್ತು. ತಂದೆ, ತಾಯಿ, ನರ್ಸಿಂಗ್ ಪದವಿ ಪಡೆದ ಮಗಳು. ಮಗಳ ಕೈಯಲ್ಲೊಂದು ಬಣ್ಣದ ಕರಪತ್ರ. ಅದರಲ್ಲಿ ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ‘ದ್ವೀಪಗಳಲ್ಲಿ ದಾದಿಯರು ಬೇಕಾಗಿದ್ದಾರೆ’ ಎಂಬ ಒಕ್ಕಣೆ. ಮೊದಲು ಮಾಲ್ಡೀವ್ಸ್, ಆಮೇಲೆ ಬಹರೈನ್, ಅದೃಷ್ಟವಿದ್ದರೆ ಮೂರು ಮೂರು ತಿಂಗಳ ಅವಧಿಗೆ ಹವಾಯಿ ಎಂದು ನಗರದ ಒಂದು ಕಚೇರಿಯವರು ಹೇಳಿದ್ದರಂತೆ. ಕೈಗೆ ಮೂರು ಲಕ್ಷ ರೂಪಾಯಿ ಕೊಟ್ಟರೆ ಉಳಿದದ್ದೆಲ್ಲ ಅವರ ಜವಾಬ್ದಾರಿ.

“ಎರಡೆಕರೆ ಹೊಲ ಐತಿ ಫಾದರ್. ಅದನ್ನ ಒತ್ತಿ ಹಾಕಿದ್ರ ಮಗಳ ದಾರಿ ಆಗತೈತಿ. ನೀವೇನಂತೀರಿ?” ಎಂದರು ತಂದೆ.

“ಕಡಲು ದಾಟಿದ ಕೂಸಿಗೆ ಜ್ವರ ಬಂದ್ರ ಯಾರು ನೋಡ್ತಾರ ಫಾದರ್?” ಎಂದರು ತಾಯಿ.

ಊರವರ ಜ್ವರವನ್ನೆಲ್ಲ ನೋಡುವುದಕ್ಕೆ ಹೊರಟವಳ ಜ್ವರವನ್ನು ನೋಡುವವರು ಯಾರು? ಆ ತಾಯಿಯ ಪ್ರಶ್ನೆ ನನ್ನನ್ನು ಬಹುದಿನ ಬಿಡಲಿಲ್ಲ. ಈ ವಾರದ ಅಂಕಣ ಆ ಕುಟುಂಬಕ್ಕೂ ಅಂತಹ ಅನೇಕ ಕುಟುಂಬಗಳಿಗೂ ಕೊಡಬೇಕಾಗಿದ್ದ ಉತ್ತರ.

ಮೊದಲು ಆ ಚಿತ್ರವನ್ನೇ ನೋಡೋಣ. ಅದು ಸುಳ್ಳಲ್ಲ, ಆದರೆ ಪ್ರವಾಸಿಯ ಕಣ್ಣಿಗೆ ಕಾಣುವಷ್ಟು ಮಾತ್ರ ಅದರಲ್ಲಿದೆ. ಮಾಲ್ಡೀವ್ಸ್ ಎಂದರೆ ಹಿಂದೂ ಮಹಾಸಾಗರದಲ್ಲಿ ಚೆಲ್ಲಿದ ಸುಮಾರು 1,200 ಹವಳದ ದಿಬ್ಬಗಳು. ಅವುಗಳಲ್ಲಿ ಆ ದೇಶದ ಜನ ಊರು ಕಟ್ಟಿಕೊಂಡಿರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಪ್ರವಾಸಿಗಳ ವಿಲಾಸಗೃಹಗಳಿರುವ ದ್ವೀಪಗಳು ಬೇರೆ, ಮೀನುಗಾರರ ಮನೆಗಳಿರುವ ದ್ವೀಪಗಳು ಬೇರೆ. ದಾದಿಗೆ ಕೆಲಸ ಸಿಗುವುದು ಹೆಚ್ಚಾಗಿ ಎರಡನೆಯದರಲ್ಲಿ. ರಾಜಧಾನಿ ಮಾಲೆಯಲ್ಲಿ ಭಾರತ ಸರ್ಕಾರದ ನೆರವಿನಿಂದ ನಿರ್ಮಾಣವಾಗಿ 1995ರಲ್ಲಿ ತೆರೆದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಇದೆ. ದೂರದ ದ್ವೀಪಗಳಲ್ಲಿ ಸಣ್ಣ ಆಸ್ಪತ್ರೆಗಳೂ ಆರೋಗ್ಯ ಕೇಂದ್ರಗಳೂ ಇವೆ. ಅಲ್ಲಿನ ವೈದ್ಯರಲ್ಲಿ, ದಾದಿಯರಲ್ಲಿ ಬಹಳಷ್ಟು ಜನ ಭಾರತದಿಂದ ಹೋದವರು. ರಾತ್ರಿ ಹೊತ್ತಿನಲ್ಲಿ ಹೆರಿಗೆ ಕಷ್ಟವಾದರೆ ತಾಯಿಯನ್ನು ದೋಣಿಯಲ್ಲಿ ಮಲಗಿಸಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಕಡಲು ಮುನಿದಿದ್ದರೆ ದೋಣಿಯೂ ಹೊರಡದು. ಕರಪತ್ರದ ನೀಲಿ ನೀರು ಆ ರಾತ್ರಿ ದಾದಿಗೆ ಬೇರೆಯಾಗಿಯೇ ಕಾಣುತ್ತದೆ.

ಕ್ರೈಸ್ತ ಯುವತಿ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಮಾಲ್ಡೀವ್ಸಿನಲ್ಲಿ ಇಸ್ಲಾಂ ರಾಷ್ಟ್ರಧರ್ಮ. ಅಲ್ಲಿ ಚರ್ಚಿಲ್ಲ, ಅನ್ಯಧರ್ಮೀಯರ ಬಹಿರಂಗ ಆರಾಧನೆಗೆ ಅವಕಾಶವಿಲ್ಲ, ಪೂಜೆಯ ವಿಗ್ರಹಗಳನ್ನು ದೇಶದೊಳಕ್ಕೆ ತರುವಂತಿಲ್ಲ. ಭಾನುವಾರದ ಬಲಿಪೂಜೆ ಇಲ್ಲದೆ, ಪರಮಪ್ರಸಾದವಿಲ್ಲದೆ, ಕೋಣೆಯ ಮೌನದಲ್ಲಿ ಪ್ರಾರ್ಥಿಸುತ್ತ ವರ್ಷಗಳನ್ನು ಕಳೆಯಬೇಕು. ಇದನ್ನು ನಾನು ದೂಷಣೆಗಾಗಿ ಹೇಳುತ್ತಿಲ್ಲ. ಅದು ಆ ನೆಲದ ಕಾನೂನು. ಹೋಗುವವಳು ಅದನ್ನು ಗೌರವಿಸಿಯೇ ಹೋಗಬೇಕು. ಅಲ್ಲಿ ಹೆರಿಗೆಯ ನೋವಿನಲ್ಲಿ ಅವಳ ಕೈ ಹಿಡಿಯುವ ಮುಸ್ಲಿಂ ತಾಯಿಯೂ ಪ್ರಭು ಯೇಸು ತೋರಿಸಿದ ‘ನೆರೆಯವಳೇ’ ಆಗಿದ್ದಾಳೆ. ಆದರೆ ಈ ಒಂಟಿತನವನ್ನು ವಿಮಾನ ಇಳಿದ ಮೇಲೆ ತಿಳಿಯುವುದಕ್ಕಿಂತ ಮನೆಯಲ್ಲಿದ್ದಾಗಲೇ ತಿಳಿದು ನಿರ್ಧರಿಸುವುದು ಮೇಲು.

ಬಹರೈನ್ ಸಹ ದ್ವೀಪವೇ, ಅದರ ಸ್ಥಿತಿ ಬೇರೆ. ಅಲ್ಲಿನ ರಾಜಧಾನಿ ಮನಾಮಾದಲ್ಲಿ ಯೇಸುವಿನ ಪವಿತ್ರ ಹೃದಯದ ದೇವಾಲಯ 1939ರಿಂದಲೂ ಇದೆ. 2021ರ ಡಿಸೆಂಬರಿನಲ್ಲಿ ಅವಾಲಿಯಲ್ಲಿ ಅರೇಬಿಯಾದ ಮಾತೆಯ ಮಹಾದೇವಾಲಯ ಉದ್ಘಾಟನೆಯಾಯಿತು. 2022ರ ನವೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸ್ ಆ ದೇಶಕ್ಕೆ ಭೇಟಿ ಕೊಟ್ಟರು. ಕನ್ನಡ ಸಂಘವೂ ಅಲ್ಲಿ ಬಹುಕಾಲದಿಂದ ಇದೆ. ಪೂಜೆಗೆ ಬಲಿಪೀಠವೂ ಕಷ್ಟಸುಖಕ್ಕೆ ಕನ್ನಡದ ಮಾತೂ ಇರುವ ದ್ವೀಪ ಅದು. ಹಾಗೆಂದು ದಾರಿ ಸಲೀಸಲ್ಲ. ಅಲ್ಲಿನ ಆರೋಗ್ಯ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು. ಓದಿದ, ದುಡಿದ ದಾಖಲೆಗಳು ನಿಜವೆಂದು ಪರಿಶೀಲನೆಯಾಗಬೇಕು.

ಇನ್ನು ಹವಾಯಿ. ಅಮೆರಿಕದಲ್ಲಿ ಸಂಚಾರಿ ದಾದಿಯರೆಂಬ ಒಂದು ವ್ಯವಸ್ಥೆಯಿದೆ. ದಾದಿಯರ ಕೊರತೆಯಿರುವ ಆಸ್ಪತ್ರೆಗಳಿಗೆ ಸಾಮಾನ್ಯವಾಗಿ 13 ವಾರಗಳ ಒಪ್ಪಂದದ ಮೇಲೆ ಹೋಗಿ ದುಡಿದು, ಮುಗಿದ ಮೇಲೆ ಇನ್ನೊಂದು ಊರಿಗೆ ಹೋಗುವುದು ಅದರ ಕ್ರಮ. ಹವಾಯಿಯಂತಹ ಸುಂದರ ಸ್ಥಳಕ್ಕೆ ಪೈಪೋಟಿ ಇರುವುದು ಸಹಜ. ಆದರೆ ಅದು ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕೂ ಪರವಾನಗಿಯೂ ಈಗಾಗಲೇ ಇರುವವರಿಗಾಗಿ ಇರುವ ವ್ಯವಸ್ಥೆ. ನಮ್ಮ ಹುಡುಗಿ ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇದನ್ನು ಬೆಂಗಳೂರಿನಲ್ಲೇ ಬರೆಯಬಹುದು. ಅನಂತರ ಇಂಗ್ಲಿಷ್ ಭಾಷಾ ಪರೀಕ್ಷೆ, ದಾಖಲೆಗಳ ಪರಿಶೀಲನೆ, ಆಮೇಲೆ ವೀಸಾ. ಭಾರತದಲ್ಲಿ ಹುಟ್ಟಿದವರಿಗೆ ಆ ವೀಸಾದ ಸಾಲು ಹತ್ತು ವರ್ಷಕ್ಕೂ ಮಿಕ್ಕಿ ಉದ್ದವಾಗಿದೆ. ಆದುದರಿಂದ ಹಳ್ಳಿಯ ಮನೆಯಿಂದ ನೇರವಾಗಿ ಮೂರು ತಿಂಗಳಿಗೆ ಹವಾಯಿಗೆ ಕಳಿಸುತ್ತೇನೆ ಎನ್ನುವವನು ಏಣಿಯಿಲ್ಲದೆ ಅಟ್ಟ ತೋರಿಸುತ್ತಿದ್ದಾನೆ. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸಕ್ಕೆ ಸೇರಬಹುದೆನ್ನುವವನು ಅಪರಾಧಕ್ಕೇ ಕರೆಯುತ್ತಿದ್ದಾನೆ.

ಹವಾಯಿಯ ಮಾತು ಬಂದಾಗ ಅಲ್ಲಿಗೆ ಕಡಲು ದಾಟಿ ಹೋದ ಒಬ್ಬ ಮಹಾದಾದಿಯನ್ನು ನೆನೆಯದಿರಲಾರೆ. 1883ರಲ್ಲಿ ಹವಾಯಿ ರಾಜ್ಯದ ಪರವಾಗಿ, ಕುಷ್ಠರೋಗಿಗಳ ಶುಶ್ರೂಷೆಗೆ ಭಗಿನಿಯರನ್ನು ಕಳಿಸಿಕೊಡಿ ಎಂಬ ಬೇಡಿಕೆ 50ಕ್ಕೂ ಹೆಚ್ಚು ಧರ್ಮಸಂಘಗಳ ಮುಂದೆ ಹೋಯಿತು. ಒಪ್ಪಿಕೊಂಡದ್ದು ನ್ಯೂಯಾರ್ಕ್ ಸೀಮೆಯ ಸಿರಾಕ್ಯೂಸಿನ ಫ್ರಾನ್ಸಿಸ್ಕನ್ ಭಗಿನಿಯರು ಮಾತ್ರ. ಅವರ ಮುಖ್ಯಸ್ಥೆ ಮದರ್ ಮರಿಯಾನ್ ಕೋಪ್. ಜರ್ಮನಿಯಲ್ಲಿ ಹುಟ್ಟಿ, ಶೈಶವದಲ್ಲೇ ಅಮೆರಿಕಕ್ಕೆ ಬಂದು, ಕಾರ್ಖಾನೆಯಲ್ಲಿ ದುಡಿದು ಮನೆಯವರನ್ನು ಸಾಕಿದ ಬಳಿಕ ಸನ್ಯಾಸ ಸ್ವೀಕರಿಸಿದವರು ಅವರು. ಆಸ್ಪತ್ರೆಯ ಆಡಳಿತದಲ್ಲಿ ಪಳಗಿದ ಕೈ. ಆರು ಮಂದಿ ಭಗಿನಿಯರೊಡನೆ ಹೊನೊಲುಲುವಿನಲ್ಲಿ ಇಳಿದಾಗ ಅಲ್ಲಿ ಕೆಲಸ ಒಂದು ನೆಲೆಗೆ ಬಂದ ಮೇಲೆ ಮರಳುವ ಉದ್ದೇಶ ಅವರದಾಗಿತ್ತು. ಮರಳಲಿಲ್ಲ. 1888ರಲ್ಲಿ ಮೊಲೊಕಾಯ್ ದ್ವೀಪದ ಕಲೌಪಾಪಾ ಎಂಬ ರೋಗಿಗಳ ವಸತಿಗೆ ಹೋದರು. ಅಲ್ಲಿ 1873ರಿಂದ ಸೇವೆ ಮಾಡಿ, ರೋಗಕ್ಕೆ ತಾವೇ ತುತ್ತಾಗಿದ್ದ ಫಾದರ್ ದಾಮಿಯನ್ನರ ಕೊನೆಯ ತಿಂಗಳುಗಳಲ್ಲಿ ನೆರವಾದರು. ದಾಮಿಯನ್ 1889ರ ಏಪ್ರಿಲ್ 15ರಂದು ತೀರಿಕೊಂಡರು. ಮರಿಯಾನ್ 1918ರಲ್ಲಿ ಅದೇ ನೆಲದಲ್ಲಿ ಕಣ್ಮುಚ್ಚಿದರು. ಧರ್ಮಸಭೆ 2009ರಲ್ಲಿ ದಾಮಿಯನ್ನರನ್ನೂ 2012ರಲ್ಲಿ ಮರಿಯಾನರನ್ನೂ ಸಂತರೆಂದು ಸಾರಿತು.

ಈ ಸಂತಳ ಬದುಕಿನಲ್ಲಿ ನನಗೆ ಹೆಚ್ಚು ಪ್ರಿಯವಾದುದು ಒಂದು ಸಣ್ಣ ವಿವರ. ಆಕೆ ತನ್ನ ಭಗಿನಿಯರಿಗೆ ಕೈತೊಳೆಯುವ ಶಿಸ್ತನ್ನು ಬಿಡದೆ ಕಲಿಸಿದರು. ಆ ಭಗಿನಿಯರಲ್ಲಿ ಒಬ್ಬರಿಗೂ ಕುಷ್ಠರೋಗ ತಗಲಲಿಲ್ಲ. ತ್ಯಾಗವೆಂದರೆ ಕಣ್ಣುಮುಚ್ಚಿ ಹಳ್ಳಕ್ಕೆ ಹಾರುವುದಲ್ಲ. ಪ್ರೀತಿಗೆ ವಿವೇಕವೂ ಜೊತೆಯಾಗಬೇಕು. ಇತರರನ್ನು ಕಾಯಲು ಹೊರಟವಳು ತನ್ನನ್ನೂ ಕಾದುಕೊಳ್ಳಬೇಕು. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇದೇ ಎಂದು ನನಗೆ ತೋರುತ್ತದೆ.

ಕಡಲು ದಾಟಿ ಬಂದ ಶುಶ್ರೂಷೆಯ ಫಲವನ್ನು ಉಂಡವರು ನಾವೂ ಹೌದು. 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಸಂಘದ ಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚಲು ತೊಡಗಿದರು. ದಾಮಿಯನ್ ತೀರಿಕೊಂಡ ಮರುವರ್ಷ, 1890ರಲ್ಲಿ, ಅದೇ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯವೊಂದು ಆರಂಭವಾಯಿತು. ಅಂದು ನಮ್ಮ ನೆಲಕ್ಕೆ ಪರದೇಶದ ಕೈಗಳು ಬೇಕಾಗಿದ್ದವು. ಇಂದು ಪರದೇಶಕ್ಕೆ ನಮ್ಮ ಹೆಣ್ಣುಮಕ್ಕಳ ಕೈಗಳು ಬೇಕಾಗಿವೆ. ಆದುದರಿಂದ ಹೋಗಬೇಡಿ ಎಂದು ನಾನು ಹೇಳಲಾರೆ. ಹೇಗೆ ಹೋಗಬೇಕು ಎಂಬುದಷ್ಟೇ ಪ್ರಶ್ನೆ.

ಮನುಷ್ಯನನ್ನು ಎಂದೂ ಕೇವಲ ಸಾಧನವಾಗಿ ಬಳಸಬಾರದು, ಅವನು ತಾನೇ ಒಂದು ಗುರಿ ಎಂಬುದು ಜರ್ಮನಿಯ ತತ್ತ್ವಜ್ಞಾನಿ ಕಾಂಟನ ನೀತಿ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವನು ಮಾನವ ಎನ್ನುವ ನಮ್ಮ ವಿಶ್ವಾಸವೂ ಅದನ್ನೇ ಇನ್ನೂ ಆಳವಾಗಿ ಹೇಳುತ್ತದೆ. ಪರದೇಶಕ್ಕೆ ಹೋಗುವ ದಾದಿ ಮೂರು ಕಡೆಯಿಂದ ಸಾಧನವಾಗುವ ಅಪಾಯವಿದೆ. ಮಧ್ಯವರ್ತಿಗೆ ಅವಳು ಸರಕಾಗಬಹುದು. ಮನೆಯವರಿಗೆ ಹಣದ ಗಿಡವಾಗಬಹುದು. ಅವಳಿಗೇ ರೋಗಿಯೆಂಬವನು ಸಂಬಳದ ದಾರಿ ಮಾತ್ರವಾಗಿ ಕಾಣಬಹುದು. ಈ ಮೂರನ್ನೂ ತಡೆದರೆ ಪಯಣ ಸೇವೆಯಾಗುತ್ತದೆ. ತಡೆಯದಿದ್ದರೆ ಅದು ವಿಮಾನದಲ್ಲಿ ಹೋದ ಗುಳೆ.

ಮಧ್ಯವರ್ತಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1983ರ ವಲಸೆ ಕಾಯ್ದೆಯ ಪ್ರಕಾರ, ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟನು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಅಂತಹವರ ಪಟ್ಟಿ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಏಜೆಂಟನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಮೂರು ಲಕ್ಷ ಎಲ್ಲಿ, ಮೂವತ್ತು ಸಾವಿರ ಎಲ್ಲಿ! ಕುವೈತಿನ ಆಸ್ಪತ್ರೆಗಳಿಗೆ ನೇಮಕವಾಗುತ್ತಿದ್ದ ದಾದಿಯರಿಂದ 19,500 ರೂಪಾಯಿ ಪಡೆಯಬೇಕಾದ ಕಡೆ ಹತ್ತೊಂಬತ್ತೂವರೆ ಲಕ್ಷ ಪಡೆದರೆಂಬ ಆರೋಪದ ಮೇಲೆ 2015ರಲ್ಲಿ ಕೇರಳದ ಕೊಚ್ಚಿಯಲ್ಲಿ ಸಿಬಿಐ ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರ್ಕಾರ, ಬಹರೈನೂ ಸೇರಿದಂತೆ 18 ದೇಶಗಳಿಗೆ ಹೋಗುವ ಎಲ್ಲ ದಾದಿಯರಿಗೂ ವಲಸೆ ಅನುಮತಿಯನ್ನು ಕಡ್ಡಾಯಗೊಳಿಸಿತು. ನೇಮಕಾತಿಯನ್ನು ಮೊದಲು ಕೇರಳದ ನೋರ್ಕಾ, ಒಡೆಪೆಕ್‌ನಂತಹ ಸರ್ಕಾರಿ ಸಂಸ್ಥೆಗಳಿಗೆ ಒಪ್ಪಿಸಿತು. ಆ ಪಟ್ಟಿ ಆಮೇಲೆ ಹಿಗ್ಗಿದೆ. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಆಶ್ರಯದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ. ಮಾಲ್ಡೀವ್ಸ್ ಆ 18 ದೇಶಗಳಲ್ಲಿ ಸೇರಿಲ್ಲ. ಆದರೆ ಏಜೆಂಟನ ನೋಂದಣಿಯ ನಿಯಮ ಅಲ್ಲಿಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಗುಳೆಯ ಮೇಸ್ತ್ರಿ ಮುಂಗಡ ಕೊಟ್ಟು ಕಟ್ಟಿಹಾಕುತ್ತಾನೆ. ಈ ಹೊಸ ಮೇಸ್ತ್ರಿ ಮುಂಗಡ ತೆಗೆದುಕೊಂಡು ಕಟ್ಟಿಹಾಕುತ್ತಾನೆ. ಹೊಲ ಒತ್ತಿ ಬಿದ್ದ ಮನೆಯ ಮಗಳು ಅಲ್ಲಿ ಹೇಳಿದ ಸಂಬಳ ಸಿಗದಿದ್ದರೂ ಹಿಂದಿರುಗಲಾರಳು. ಎರಡು ಪಾಳಿಯ ಕೆಲಸವನ್ನು ಒಬ್ಬಳೇ ಮಾಡೆಂದರೂ ಬಾಯಿ ತೆರೆಯಲಾರಳು. ಸಾಲವೆಂಬುದು ಮೊದಲು ಕದಿಯುವುದು ‘ಒಲ್ಲೆ’ ಎನ್ನುವ ಶಕ್ತಿಯನ್ನು.

ಆದುದರಿಂದ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಏಜೆಂಟನ ನೋಂದಣಿ ಸಂಖ್ಯೆ ಯಾವುದು? ಕೊಡುವ ಪ್ರತಿ ರೂಪಾಯಿಗೂ ರಸೀದಿ ಇದೆಯೇ? ಆಸ್ಪತ್ರೆಯ ಹೆಸರು, ದ್ವೀಪದ ಹೆಸರು, ಸಂಬಳ, ಅದನ್ನು ಕೊಡುವ ನಾಣ್ಯ, ದಿನದ ದುಡಿಮೆಯ ಗಂಟೆಗಳು, ರಜೆ, ವಸತಿ, ಹಿಂದಿರುಗುವ ವಿಮಾನದ ಖರ್ಚು ಇವೆಲ್ಲ ಒಪ್ಪಂದದಲ್ಲಿ ಬರಹಕ್ಕೆ ಬಂದಿವೆಯೇ? ಅವಧಿಗೆ ಮುಂಚೆ ಬಿಟ್ಟರೆ ದಂಡವೆಷ್ಟು? ವೀಸಾ ಕೆಲಸದ್ದೋ, ಪ್ರವಾಸದ್ದೋ? ಪದವಿಯ ಮೂಲ ಪ್ರಮಾಣಪತ್ರಗಳನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಹೊರಡುವ ಮೊದಲು ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಮುಗಿದಿರಲಿ, ಊರಿನ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಅನುಭವವಿರಲಿ. ವಲಸೆ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಅದರ ಪತ್ರ ಕೈಗೆ ಬರಲಿ. ಸಂಶಯ ಬಂದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090 ಸಂಖ್ಯೆಗೆ ಫೋನ್ ಮಾಡಬಹುದು.

ಇಷ್ಟೆಲ್ಲ ಲೆಕ್ಕ ಕೇಳುವುದು ಸೇವಾಭಾವಕ್ಕೆ ಕುಂದಲ್ಲವೇ ಎಂದು ಕೆಲವರು ಕೇಳುವುದುಂಟು. ಸಂತ ಲೂಕರ ಶುಭಸಂದೇಶದ ಒಳ್ಳೆಯ ಸಮಾರಿಯನನ್ನು ನೆನೆಯಿರಿ. ಅವನು ದಾರಿಹೋಕ. ತನ್ನದಲ್ಲದ ಊರಿನಲ್ಲಿ, ತನ್ನವನಲ್ಲದವನ ಗಾಯಕ್ಕೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದವನು. ಛತ್ರದವನಿಗೆ ಗಾಯಾಳುವನ್ನು ಒಪ್ಪಿಸುವಾಗ ಅವನು ಬರಿಯ ಸವಿಮಾತು ಆಡಲಿಲ್ಲ. ಎರಡು ನಾಣ್ಯಗಳನ್ನು ಕೈಗಿತ್ತು, ಹೆಚ್ಚಿಗೆ ತಗಲಿದ್ದನ್ನು ಮರಳಿ ಬರುವಾಗ ಸಲ್ಲಿಸುವುದಾಗಿ ಖಚಿತವಾಗಿ ಹೇಳಿದನು. ಕರುಣೆ ಮತ್ತು ನೇರವಾದ ಲೆಕ್ಕ ಒಂದೇ ಕಥೆಯಲ್ಲಿ ಒಟ್ಟಿಗಿವೆ.

ಮನೆಯವರಿಗೂ ಒಂದು ಮಾತು. ಮಗಳು ಹಣ ಕಳಿಸುವ ತಿಂಗಳು ಮಾತ್ರ ಅವಳ ಯೋಗಕ್ಷೇಮ ಕೇಳಬೇಡಿ. ಮನೆಯ ಮೇಲೊಂದು ಅಂತಸ್ತು ಏರಿಸುವ ಆಸೆಗೆ ಅವಳ ಒಪ್ಪಂದವನ್ನು ಇನ್ನೆರಡು ವರ್ಷ ಎಳೆಯಬೇಡಿ. ಇದು ಅವಳಿಗೆ ಸಾಕೆನಿಸಿದ ದಿನ ಮನೆಯ ಕದ ತೆರೆದಿರುತ್ತದೆ ಎಂಬ ಭರವಸೆಯನ್ನು ಹೊರಡುವ ಮುಂಚೆಯೇ ಕೊಡಿ. ಜ್ವರ ಬಂದರೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಉಳಿದ ಅರ್ಧ ಇದು.

ಆ ಕುಟುಂಬ ಮತ್ತೆ ಬಂದದ್ದು ಕೆಲವು ವಾರಗಳ ಬಳಿಕ. ಪ್ರಶ್ನೆಗಳನ್ನು ಮಗಳೇ ಕೇಳಿದ್ದಳು. ನೋಂದಣಿ ಸಂಖ್ಯೆ ಕೇಳಿದ ಕೂಡಲೇ, “ನಂಬಿಕೆ ಇಲ್ಲದಿದ್ದರೆ ಬಿಡಿ, ಬೇರೆಯವರು ಸಾಲಿನಲ್ಲಿದ್ದಾರೆ” ಎಂದು ಆ ಕಡೆಯವರು ಫೋನ್ ಇಟ್ಟರಂತೆ. ಅವಳೀಗ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಾಳೆ. ಬಿಡುವಿನಲ್ಲಿ ಇಂಗ್ಲಿಷ್ ಓದುತ್ತಾಳೆ. ಎರಡು ವರ್ಷದ ಅನುಭವ ತುಂಬಿದ ಮೇಲೆ ಸರ್ಕಾರಿ ಸಂಸ್ಥೆಯ ಪ್ರಕಟಣೆ ನೋಡಿ ಬಹರೈನಿಗೆ ಅರ್ಜಿ ಹಾಕುವ ಯೋಚನೆ ಅವಳಿಗಿದೆ.

“ಕಡಲು ನೋಡೋ ಆಸೆ ಹೋಯಿತೇನಮ್ಮ?” ಎಂದು ಕೇಳಿದೆ.

“ಇಲ್ಲ ಫಾದರ್. ಆದ್ರ ಮೊದಲು ಇಲ್ಲೇ ಐಸಿಯು ಕೆಲಸ ಕಲೀತೀನಿ. ಏನೂ ಕಲೀದೆ ಹೋದ್ರ ಅಲ್ಲಿಯ ರೋಗಿಗೆ ಮೋಸ ಮಾಡಿದಂಗ ಆಗತೈತಿ,” ಎಂದಳು.

ತಂದೆ ಪಕ್ಕದಲ್ಲಿ ನಿಂತು ಟವೆಲಿನಿಂದ ಮುಖ ಒರೆಸಿಕೊಂಡರು. “ಹೊಲ ಉಳೀತು ಫಾದರ್. ಅವಳು ಹೋಗೋದಾದ್ರ ಹೋಗ್ಲಿ. ಸಾಲ ಹೊತ್ತುಕೊಂಡು ಹೋಗೋದು ಬ್ಯಾಡ,” ಎಂದರು.

ಹೋಗುವ ನಮ್ಮ ಹೆಣ್ಣುಮಕ್ಕಳು ಹಾಗೆ ಹೋಗಲಿ: ಕೈಯಲ್ಲಿ ವಿದ್ಯೆ, ಬರಹದಲ್ಲಿ ಒಪ್ಪಂದ, ಎದೆಯಲ್ಲಿ ಪ್ರಾರ್ಥನೆ, ಕಾಲಿಗೆ ಹಗ್ಗವಿಲ್ಲದೆ.